ಯಂತ್ರ ಕೂಗಿದರೆ ಅದೇ ತೀರ್ಪೇ? – ಅಯಾನು ಅನಿಲ ವಿಶ್ಲೇಷಕದ ವಿಚಿತ್ರ ರೀಡಿಂಗುಗಳನ್ನು ಪರೀಕ್ಷಿಸುವ ಬಗೆ

ಮಾಗಡಿ ತಾಲ್ಲೂಕಿನ ಕಲ್ಯದ ರೈತರೊಬ್ಬರು ಮೊದಲ ಸಲ ವಿಮಾನ ಹತ್ತಲು ಹೊರಟಿದ್ದಾರೆ ಎಂದು ಭಾವಿಸೋಣ. ದೆಹಲಿಯಲ್ಲಿ ಮಗಳಿಗೆ ಕೆಲಸ ಸಿಕ್ಕಿದೆ. ನೋಡಿಕೊಂಡು ಬರುವ ಆಸೆ. ಹಿಂದಿನ ದಿನ ಸಂಜೆಯವರೆಗೂ ಟೊಮೆಟೊ ಗಿಡಗಳಿಗೆ ಕ್ಯಾಲ್ಸಿಯಂ ಅಮೋನಿಯಂ ನೈಟ್ರೇಟ್ ಗೊಬ್ಬರ ಹಾಕಿ, ಕೈಕಾಲು ತೊಳೆದು, ಅದೇ ಕೈಯಲ್ಲಿ ಚೀಲ ಕಟ್ಟಿದ್ದಾರೆ. ಬೆಳಗಿನ ಜಾವ ಹೊರಟು ಬೆಂಗಳೂರಿನ ವಿಮಾನ ನಿಲ್ದಾಣ ಸೇರಿದ್ದಾರೆ. ತಪಾಸಣೆಯ ಸಿಬ್ಬಂದಿ ಅವರ ಚೀಲದ ಹಿಡಿಯ ಮೇಲೆ ಬಟ್ಟೆಯಂಥ ಒಂದು ಪಟ್ಟಿಯನ್ನು ಸವರಿ ಯಂತ್ರದೊಳಗೆ ತೂರಿಸುತ್ತಾರೆ. ಕೆಲವೇ ಸೆಕೆಂಡುಗಳು. ಕೆಂಪು ದೀಪ ಹತ್ತುತ್ತದೆ, ಯಂತ್ರ ಕೂಗುತ್ತದೆ.

"ಯಜಮಾನ್ರೇ, ಸ್ವಲ್ಪ ಈ ಕಡೆ ಬನ್ನಿ."

"ಯಾಕೆ ಸ್ವಾಮಿ, ನಾನೇನು ಮಾಡ್ದೆ?"

ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಾರೆ. ಯಂತ್ರ ಸುಳ್ಳು ಹೇಳಿತೇ? ಅಥವಾ ರೈತರೇ ಏನನ್ನಾದರೂ ಮುಚ್ಚಿಡುತ್ತಿದ್ದಾರೆಯೇ? ಎರಡೂ ಅಲ್ಲದಿರಬಹುದು. ಯಂತ್ರ ಅಳೆದದ್ದು ಏನು, ಅದರಿಂದ ನಾವು ತೆಗೆದ ತೀರ್ಮಾನ ಏನು ಎಂಬುದನ್ನು ಬೇರೆ ಬೇರೆಯಾಗಿ ನೋಡಿದರೆ ಉತ್ತರ ಸಿಗುತ್ತದೆ. ಈ ಲೇಖನದಲ್ಲಿ ಅದನ್ನೇ ಮಾಡೋಣ.

ಯಂತ್ರದ ಒಳಗೆ ನಡೆಯುವುದೇನು?

ಇಂಥ ತಪಾಸಣೆಗೆ ಬಳಸುವ ಹಲವು ಯಂತ್ರಗಳ ಒಳಗಿರುವುದು ಅಯಾನು ಚಲನಶೀಲತೆಯ ತತ್ತ್ವ. ವಿದ್ಯುದಾವೇಶ ಪಡೆದ ಅಣು ಅಥವಾ ಪರಮಾಣುವೇ ಅಯಾನು. ಅನಿಲದಲ್ಲಿ ಅಯಾನುಗಳು ಎಷ್ಟು ವೇಗವಾಗಿ ಸಾಗುತ್ತವೆ ಎಂಬುದನ್ನು ಜೆ. ಜೆ. ಥಾಮ್ಸನ್ ಮತ್ತು ಅವರ ಶಿಷ್ಯ ರುದರ್‌ಫೋರ್ಡ್ 1890ರ ದಶಕದಲ್ಲೇ ಕೇಂಬ್ರಿಜ್‌ನಲ್ಲಿ ಅಭ್ಯಾಸ ಮಾಡಿದ್ದರು. ಈ ವೇಗದಿಂದಲೇ ವಸ್ತುವನ್ನು ಗುರುತಿಸಬಹುದೆಂಬ ವಿಧಾನ ರೂಪುಗೊಂಡದ್ದು 1970ರ ಸುಮಾರಿಗೆ. ಮುಂದೆ ಸೈನಿಕರು ವಿಷಾನಿಲ ಪತ್ತೆಗೆ ಕೈಯಲ್ಲಿ ಹಿಡಿದು ಓಡಾಡುವಷ್ಟು ಚಿಕ್ಕ ಯಂತ್ರಗಳು ಬಂದವು.

ಪಟ್ಟಿಗೆ ಅಂಟಿದ ವಸ್ತುವನ್ನು ಯಂತ್ರ ಮೊದಲು ಬಿಸಿ ಮಾಡಿ ಆವಿಯಾಗಿಸುತ್ತದೆ. ಆ ಆವಿ ಗಾಳಿಯೊಡನೆ ಒಂದು ಪುಟ್ಟ ಕೋಣೆಗೆ ಬರುತ್ತದೆ. ಅಲ್ಲಿ ಗಾಳಿಯನ್ನು ಅಯಾನುಗಳಾಗಿಸುವ ಏರ್ಪಾಡು ಇರುತ್ತದೆ. ಬಹಳ ಯಂತ್ರಗಳಲ್ಲಿ ಅದು ನಿಕಲ್-63 ಎಂಬ ವಿಕಿರಣಶೀಲ ಲೋಹದ ತೆಳು ಲೇಪ. ಹೊಸ ಯಂತ್ರಗಳಲ್ಲಿ ಇದರ ಬದಲು ವಿದ್ಯುತ್ ಕಿಡಿಯಂಥ ವಿಸರ್ಜನೆಯೂ ಉಂಟು. ಗಾಳಿಯಲ್ಲಿರುವ ನೀರಿನ ಅಣುಗಳು ಪ್ರೋಟಾನನ್ನು ಹೊತ್ತು ಧನ ಅಯಾನುಗಳಾಗುತ್ತವೆ; ಆಕ್ಸಿಜನ್ ಎಲೆಕ್ಟ್ರಾನನ್ನು ಹಿಡಿದು ಋಣ ಅಯಾನಾಗುತ್ತದೆ. ಇವು ತಮ್ಮ ಆವೇಶವನ್ನು ಪರೀಕ್ಷಿಸಬೇಕಾದ ವಸ್ತುವಿನ ಅಣುಗಳಿಗೆ ದಾಟಿಸುತ್ತವೆ.

ಆಮೇಲೆ ಒಂದು ಗೇಟು ಕ್ಷಣಮಾತ್ರ ತೆರೆದು ಮುಚ್ಚುತ್ತದೆ. ಒಳನುಗ್ಗಿದ ಅಯಾನುಗಳ ಗುಂಪು ಗಾಳಿ ತುಂಬಿದ ಕೊಳವೆಯಲ್ಲಿ, ವಿದ್ಯುತ್ ಕ್ಷೇತ್ರದ ಸೆಳೆತಕ್ಕೆ ಸಿಕ್ಕಿ, ಇನ್ನೊಂದು ತುದಿಯ ಲೋಹದ ಬಿಲ್ಲೆಯತ್ತ ಸಾಗುತ್ತದೆ. ಮಾಗಡಿ ತಿರುಮಲೆಯ ರಂಗನಾಥಸ್ವಾಮಿಯ ಜಾತ್ರೆಯನ್ನು ನೆನಪಿಸಿಕೊಳ್ಳಿ. ಜನಜಂಗುಳಿಯ ನಡುವೆ ಚಿಕ್ಕ ಹುಡುಗ ನುಸುಳಿಕೊಂಡು ಬೇಗ ತೇರಿನ ಬಳಿ ಸೇರುತ್ತಾನೆ. ತಲೆಯ ಮೇಲೆ ಗಂಟು ಹೊತ್ತ ದೊಡ್ಡವರು ತಡವಾಗಿ ಸೇರುತ್ತಾರೆ. ಅಯಾನುಗಳ ಪಾಡೂ ಇದೇ. ಚಿಕ್ಕವು ಮುಂಚೆ, ದೊಡ್ಡವು ಆಮೇಲೆ. ಬಿಲ್ಲೆಯನ್ನು ತಲುಪಿದ ಒಂದೊಂದು ಗುಂಪೂ ಪರದೆಯ ಮೇಲೆ ಒಂದೊಂದು ಶಿಖರವಾಗಿ ಮೂಡುತ್ತದೆ.

ಇಲ್ಲಿ ಒಂದು ಮಾತು ಗಮನಿಸಿ. ಯಂತ್ರ ನಿಜವಾಗಿ ಅಳೆದದ್ದು ವಸ್ತುವನ್ನಲ್ಲ, ಕಾಲವನ್ನು. 'ಇಷ್ಟು ಮಿಲಿಸೆಕೆಂಡಿಗೆ ಬಂದದ್ದು ಇಂಥ ವಸ್ತು' ಎಂಬುದು ಅದರ ನೆನಪಿನಲ್ಲಿರುವ ಪಟ್ಟಿಯೊಂದಿಗೆ ಹೋಲಿಸಿ ತೆಗೆದ ಊಹೆ. ಕಾಲವನ್ನು ಬದಲಿಸುವ ಯಾವ ಕಾರಣವೇ ಆಗಲಿ, ಹೆಸರನ್ನೂ ಬದಲಿಸಿಬಿಡಬಲ್ಲದು.

ಎತ್ತರದ ಊರಿನ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕೊಳವೆಯ ಉದ್ದ 5 ಸೆಂಟಿಮೀಟರ್. ವಿದ್ಯುತ್ ಕ್ಷೇತ್ರ ಪ್ರತಿ ಸೆಂಟಿಮೀಟರಿಗೆ 250 ವೋಲ್ಟ್. ಅಯಾನಿನ ಚಲನಶೀಲತೆ 2 ಆಗಿದ್ದರೆ, ಅಂದರೆ ಪ್ರತಿ ಸೆಂಟಿಮೀಟರಿಗೆ 1 ವೋಲ್ಟ್ ಕ್ಷೇತ್ರದಲ್ಲಿ ಅದರ ವೇಗ ಸೆಕೆಂಡಿಗೆ 2 ಸೆಂಟಿಮೀಟರ್ ಆಗಿದ್ದರೆ, ಇಲ್ಲಿ ಅದರ ವೇಗ 2 × 250 = 500 ಸೆಂಟಿಮೀಟರ್. ಹಾಗಾಗಿ 5 ಸೆಂಟಿಮೀಟರ್ ದಾಟಲು ಬೇಕಾದ ಕಾಲ 10 ಮಿಲಿಸೆಕೆಂಡು. ಇದು ಸಮುದ್ರ ಮಟ್ಟದ ಲೆಕ್ಕ ಎಂದಿಟ್ಟುಕೊಳ್ಳಿ.

ಈ ಯಂತ್ರವನ್ನು ಕಡಲ ತಡಿಯ ಚೆನ್ನೈನಲ್ಲಿ ಸರಿಹೊಂದಿಸಿ ಬೆಂಗಳೂರಿಗೆ ತಂದರೆ ಏನಾಗುತ್ತದೆ? ಮಾಗಡಿಯನ್ನು ಆಳಿದ ಮನೆತನದ ಕೆಂಪೇಗೌಡರ ಹೆಸರನ್ನು ಹೊತ್ತ ಬೆಂಗಳೂರಿನ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಮಾಗಡಿ ಸೀಮೆಯದೂ ಹೆಚ್ಚುಕಡಮೆ ಇದೇ ಎತ್ತರ. ಸಮುದ್ರ ಮಟ್ಟದಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ಗಾಳಿಯ ಒತ್ತಡ ಇಲ್ಲಿ ಸುಮಾರು 680 ಮಾತ್ರ. ಒತ್ತಡ ಕಡಿಮೆ ಎಂದರೆ ಜಾತ್ರೆಯಲ್ಲಿ ಜನ ಕಡಿಮೆ, ದಾರಿ ಸಲೀಸು. ಉಷ್ಣತೆ ಒಂದೇ ಆಗಿದ್ದಾಗ ಅಯಾನಿನ ಪ್ರಯಾಣಕಾಲ ಒತ್ತಡಕ್ಕೆ ನೇರ ಅನುಪಾತದಲ್ಲಿರುತ್ತದೆ. ಆದ್ದರಿಂದ 10 ಮಿಲಿಸೆಕೆಂಡಿಗೆ ಬರಬೇಕಾದ ಅಯಾನು ಇಲ್ಲಿ ಸುಮಾರು 9 ಮಿಲಿಸೆಕೆಂಡಿಗೇ ಬಂದುಬಿಡುತ್ತದೆ. ಯಂತ್ರದ ಪಟ್ಟಿಯಲ್ಲಿ 9ರ ಮುಂದೆ ಬೇರಾವುದೋ ವಸ್ತುವಿನ ಹೆಸರಿದ್ದರೆ, ಅದು ಆ ಹೆಸರನ್ನೇ ಕೂಗುತ್ತದೆ!

ಉಷ್ಣತೆಯದೂ ಇಂಥದೇ ಪಾತ್ರ. ಕೊಳವೆಯ ಗಾಳಿ 20 ಡಿಗ್ರಿ ಸೆಲ್ಸಿಯಸ್‌ನಿಂದ 30ಕ್ಕೆ ಏರಿದರೆ ಗಾಳಿ ಹಿಗ್ಗಿ ವಿರಳವಾಗುತ್ತದೆ. 10 ಮಿಲಿಸೆಕೆಂಡು ಸುಮಾರು 9.67 ಆಗುತ್ತದೆ. ಕೊಳವೆಗೆ ಕೊಡುವ ವೋಲ್ಟೇಜು ಶೇಕಡ 5ರಷ್ಟು ಇಳಿದರೆ ಸೆಳೆತ ತಗ್ಗಿ ಕಾಲ ಸುಮಾರು 10.5ಕ್ಕೆ ಏರುತ್ತದೆ.

ಇದಕ್ಕೆ ಪರಿಹಾರವೂ ಸುಲಭ. ಒಳ್ಳೆಯ ಯಂತ್ರಗಳು ಒತ್ತಡ, ಉಷ್ಣತೆ ಎರಡನ್ನೂ ತಾವೇ ಅಳೆದು ಲೆಕ್ಕ ತಿದ್ದಿಕೊಳ್ಳುತ್ತವೆ. ಜೊತೆಗೆ, ಹೆಸರು ಗೊತ್ತಿರುವ ಒಂದು ವಸ್ತುವನ್ನು ಸಾಕ್ಷಿಯಂತೆ ಒಳಗೆ ಓಡಿಸುತ್ತವೆ. ಸಾಕ್ಷಿ 10ರ ಬದಲು 9ಕ್ಕೆ ಬಂದರೆ, 14ಕ್ಕೆ ಬರಬೇಕಾದದ್ದು 12.6ಕ್ಕೆ ಬರುತ್ತದೆ. ಎರಡರ ಅನುಪಾತ 1.4 ಮಾತ್ರ ಬದಲಾಗುವುದಿಲ್ಲ. ಇದರಿಂದ ಒಂದು ಸೂತ್ರ ಸಿಕ್ಕಿತು: ಎಲ್ಲ ಶಿಖರಗಳೂ ಒಂದೇ ಅನುಪಾತದಲ್ಲಿ ಸರಿದಿದ್ದರೆ ತೊಂದರೆ ಒತ್ತಡ, ಉಷ್ಣತೆ ಅಥವಾ ವೋಲ್ಟೇಜಿನದು, ಒಂದೇ ಒಂದು ಶಿಖರ ಸರಿದಿದ್ದರೆ ತೊಂದರೆ ರಸಾಯನದ್ದು.

ಮಳೆಗಾಲದ ಗಾಳಿ

ಹೊಸ ಷೂ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ಲಿನ ಪುಟ್ಟ ಪೊಟ್ಟಣವನ್ನು ನೀವು ನೋಡಿರುತ್ತೀರಿ. ಅದು ತೇವವನ್ನು ಹೀರುತ್ತದೆ. ಅಯಾನು ಯಂತ್ರದಲ್ಲೂ ಕೊಳವೆಗೆ ಹೋಗುವ ಗಾಳಿಯನ್ನು ಒಣಗಿಸಲು ಇಂಥದೇ ಹೀರುಕಾಳುಗಳ ಡಬ್ಬಿ ಇರುತ್ತದೆ. ಕಾಳುಗಳು ತೇವ ಕುಡಿದು ತಣಿದ ಮೇಲೆ ಇನ್ನಷ್ಟು ಹೀರಲಾರವು. ಆಗ ನೀರಿನ ಅಣುಗಳು ಅಯಾನುಗಳಿಗೆ ಮುತ್ತಿಕೊಳ್ಳುತ್ತವೆ. ಒಂಟಿಯಾಗಿ ಓಡುತ್ತಿದ್ದ ಹುಡುಗನ ಬೆನ್ನಿಗೆ ಮೂರು ಜನ ಜೋತುಬಿದ್ದಂತೆ! ಶಿಖರಗಳು ತಡವಾಗಿ ಬರುತ್ತವೆ, ಅಗಲವಾಗುತ್ತವೆ, ಗಿಡ್ಡವಾಗುತ್ತವೆ. ಬೇಸಿಗೆಯಲ್ಲಿ ಸರಿಯಾಗಿದ್ದ ಯಂತ್ರ ಆಷಾಢ-ಶ್ರಾವಣದಲ್ಲಿ ತಪ್ಪತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು ಈ ಡಬ್ಬಿಯನ್ನು; ಅದರ ಜೊತೆಗೆ ಹೊರಗಾಳಿ ನುಸುಳುವ ಸೋರಿಕೆಯನ್ನು.

ಪ್ರೋಟಾನಿಗಾಗಿ ಪೈಪೋಟಿ

ಧನ ಅಯಾನುಗಳ ಆಟದಲ್ಲಿ ಒಂದು ನಿಯಮವಿದೆ. ಪ್ರೋಟಾನಿನ ಮೇಲೆ ಯಾರಿಗೆ ಹೆಚ್ಚು ಒಲವೋ ಪ್ರೋಟಾನು ಅವರದು. ಈ ಒಲವನ್ನು ಒಂದು ಮೋಲ್‌ಗೆ ಇಷ್ಟು ಕಿಲೋಜೂಲ್ ಎಂದು ಅಳೆಯುತ್ತಾರೆ. ನೀರಿಗೆ ಸುಮಾರು 691, ಅಸಿಟೋನಿಗೆ 812, ಅಮೋನಿಯಾಕ್ಕೆ 854. ಹಾಗಾಗಿ ನೀರಿನಿಂದ ಅಸಿಟೋನ್ ಪ್ರೋಟಾನನ್ನು ಕಿತ್ತುಕೊಳ್ಳಬಲ್ಲದು. ಅಸಿಟೋನಿನಿಂದ ಅಮೋನಿಯಾ ಕಿತ್ತುಕೊಳ್ಳಬಲ್ಲದು.

ಈಗ ಯಂತ್ರವನ್ನು ದನದ ಕೊಟ್ಟಿಗೆಯ ಪಕ್ಕಕ್ಕೆ ಒಯ್ಯಿರಿ. ಗಂಜಲದ ಅಮೋನಿಯಾ ಗಾಳಿಯಲ್ಲಿ ತುಂಬಿದೆ. ಅದೇ ಗಾಳಿಯಲ್ಲಿ ಅಸಿಟೋನ್ ಇದ್ದರೂ ಪ್ರೋಟಾನುಗಳನ್ನೆಲ್ಲ ಅಮೋನಿಯಾ ದೋಚಿಕೊಂಡಿರುವುದರಿಂದ ಅಸಿಟೋನಿನ ಶಿಖರ ಕಾಣುವುದೇ ಇಲ್ಲ. ರೇಷ್ಮೆಹುಳು ಸಾಕುವ ಮನೆಯನ್ನು ಬ್ಲೀಚಿಂಗ್ ಪೌಡರಿನಿಂದ ಆಗಷ್ಟೇ ತೊಳೆದಿದ್ದರೆ, ಋಣ ಅಯಾನುಗಳ ಕಡೆ ಆಕ್ಸಿಜನ್ನಿನ ಜಾಗಕ್ಕೆ ಕ್ಲೋರಿನ್ ಬಂದು ಕೂತು ಚಿತ್ರವನ್ನೇ ಬದಲಿಸಬಹುದು.

ಈ ಪೈಪೋಟಿಯನ್ನು ತಂತ್ರಜ್ಞರು ಉಪಾಯವಾಗಿಯೂ ಬಳಸುತ್ತಾರೆ. ಅಮೋನಿಯಾ, ಅಸಿಟೋನ್ ಅಥವಾ ಕ್ಲೋರಿನ್ ಇರುವ ಒಂದು ಸಂಯುಕ್ತವನ್ನು ಬೇಕೆಂದೇ ಸ್ವಲ್ಪ ಬೆರೆಸಿ, ಬೇಡದ ವಸ್ತುಗಳನ್ನು ಆಟದಿಂದ ಹೊರಗಿಡುತ್ತಾರೆ. ಆ ಪುಟ್ಟ ಸೀಸೆ ಖಾಲಿಯಾದರೆ ಬೇಡದವರೆಲ್ಲ ಒಳಗೆ ನುಗ್ಗುತ್ತಾರೆ. ಹುಸಿ ಎಚ್ಚರಿಕೆಗಳು ಹೆಚ್ಚುತ್ತವೆ.

ಇನ್ನೊಂದು ಮೋಸವೂ ಇದೆ. ವಸ್ತು ವಿಪರೀತ ಪ್ರಮಾಣದಲ್ಲಿ ಒಳಗೆ ಹೋದರೆ ಆವೇಶವೆಲ್ಲ ಖರ್ಚಾಗಿಬಿಡುತ್ತದೆ. ಆಮೇಲೆ ವಸ್ತು ಎರಡರಷ್ಟಾದರೂ ಶಿಖರ ಎರಡರಷ್ಟಾಗದು. ಎರಡೆರಡು ಅಣುಗಳು ಒಂದೇ ಪ್ರೋಟಾನನ್ನು ಹಂಚಿಕೊಂಡು ಜೋಡಿಯಾಗಿ ಬಂದು ಹೊಸ ಶಿಖರವೊಂದು ಹುಟ್ಟುತ್ತದೆ. ಅದನ್ನು ಹೊಸ ವಸ್ತು ಎಂದು ತಿಳಿಯಬಾರದು. ಒಳಗೋಡೆಗಳಿಗೆ ಅಂಟಿದ ಆವಿ ಮುಂದಿನ ಹತ್ತಾರು ಪರೀಕ್ಷೆಗಳಲ್ಲೂ ತಲೆ ಹಾಕಬಹುದು. ನಿನ್ನೆ ಹುರಿದ ಮೀನಿನ ವಾಸನೆ ಇಂದಿನ ದೋಸೆಗೆ ಬಂದಂತೆ!

ಸುಮ್ಮನಿರುವುದೂ ಒಂದು ರೀಡಿಂಗ್

ಯಂತ್ರ ಕೂಗಿದರೆ ಎಲ್ಲರೂ ಗಾಬರಿಯಾಗುತ್ತೇವೆ. ಸುಮ್ಮನಿದ್ದರೆ ನಿಶ್ಚಿಂತೆ. ಇದೂ ತಪ್ಪೇ. ರಾಮನಗರ ಸೀಮೆ ಮಾವಿಗೆ ಹೆಸರಾದದ್ದು. ಹಣ್ಣು ಮಾಡಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದು ಕಾನೂನಿನಲ್ಲಿ ನಿಷಿದ್ಧ. ಎಥಿಲೀನ್ ಅನಿಲವನ್ನು ಹತ್ತು ಲಕ್ಷ ಭಾಗಕ್ಕೆ 100 ಭಾಗದವರೆಗೆ ಬಳಸಲು ಅವಕಾಶವಿದೆ. ಎಥಿಲೀನ್ ಮಿತಿಯಲ್ಲಿದೆಯೇ ಎಂದು ನೋಡಲು ಸಾಮಾನ್ಯ ಅಯಾನು ಯಂತ್ರವನ್ನು ಇಟ್ಟರೆ ಅದು ಸುಮ್ಮನಿದ್ದುಬಿಡಬಹುದು. ಏಕೆ? ಎಥಿಲೀನಿನ ಪ್ರೋಟಾನ್ ಒಲವು ಸುಮಾರು 680; ನೀರಿನ 691ಕ್ಕಿಂತ ಕಡಿಮೆ. ನೀರು ಪ್ರೋಟಾನನ್ನು ಬಿಟ್ಟುಕೊಡುವುದಿಲ್ಲ. ಕೋಣೆಯಲ್ಲಿ ಅನಿಲ ತುಂಬಿದ್ದರೂ ಯಂತ್ರಕ್ಕೆ ಕಾಣದು. 'ಇಲ್ಲ' ಎಂದು ಯಂತ್ರ ಹೇಳಿದಾಗ, ಅದು ಇದ್ದಿದ್ದರೆ ಈ ಯಂತ್ರಕ್ಕೆ ಕಾಣುತ್ತಿತ್ತೇ ಎಂದು ಕೇಳಿಕೊಳ್ಳಬೇಕು.

ಪರೀಕ್ಷೆಯ ಮೆಟ್ಟಿಲುಗಳು

ವಿಚಿತ್ರ ರೀಡಿಂಗ್ ಬಂದಾಗ ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತುವುದು ಹೆಚ್ಚಿನವರ ಅಭ್ಯಾಸ. ಕ್ರಮವಾಗಿ ಹೋದರೆ ಕಾರಣ ಬೇಗ ಸಿಗುತ್ತದೆ.

1. ಮೊದಲು ಬರೆದುಕೊಳ್ಳಿ. ಸಮಯ, ಹವೆ, ಯಂತ್ರದ ಉಷ್ಣತೆ ಮತ್ತು ಒತ್ತಡ, ಶಿಖರಗಳು ಬಂದ ಕಾಲ. ಬರೆಯುವ ಮುನ್ನ ಏನನ್ನೂ ಮುಟ್ಟಬೇಡಿ.

2. ಮೂಲಶಿಖರ ನೋಡಿ. ಶುದ್ಧ ಗಾಳಿ ಮಾತ್ರ ಇದ್ದಾಗ ಬರುವ ಶಿಖರ ಇದು. ಯಂತ್ರದ ನಾಡಿ ಇದ್ದಂತೆ. ಅದು ಸರಿಯಾದ ಜಾಗದಲ್ಲಿ, ಸರಿಯಾದ ಎತ್ತರದಲ್ಲಿ ಇದೆಯೇ? ಮುಂಚೆ ಬಂದಿದ್ದರೆ ಒತ್ತಡ, ಉಷ್ಣತೆ ನೋಡಿ. ತಡವಾಗಿದ್ದರೆ ತೇವ, ವೋಲ್ಟೇಜು ನೋಡಿ. ಇಲ್ಲವೇ ಇಲ್ಲ ಎಂದಾದರೆ ಗೇಟು, ವೋಲ್ಟೇಜು, ಬಿಲ್ಲೆಯ ಸಂಪರ್ಕ ಕೆಟ್ಟಿರಬಹುದು. ಇಲ್ಲವೇ ಒಳಗೆ ಸೇರಿದ ಕಲ್ಮಶ ಆವೇಶವನ್ನೆಲ್ಲ ನುಂಗಿರಬಹುದು. 'ನಿಕಲ್ ಹಳತಾಯಿತು' ಎಂದು ಅವಸರದಲ್ಲಿ ತೀರ್ಮಾನಿಸಬೇಡಿ. ನಿಕಲ್-63ರ ಅರ್ಧಾಯುಷ್ಯ ಸುಮಾರು 100 ವರ್ಷ.

3. ಖಾಲಿ ಪರೀಕ್ಷೆ ಮಾಡಿ. ಏನನ್ನೂ ಸವರದ ಹೊಸ ಪಟ್ಟಿ ಇಡಿ. ಆಗಲೂ ಯಂತ್ರ ಕೂಗಿದರೆ ಕೊಳೆ ಪಟ್ಟಿಯಲ್ಲೋ ಕೈಗವಸಿನಲ್ಲೋ ಯಂತ್ರದಲ್ಲೋ ಇದೆ. ಕೈಗವಸು ಬದಲಿಸಿ, ಯಂತ್ರವನ್ನು ಬಿಸಿಯಲ್ಲಿ ಶುದ್ಧ ಗಾಳಿ ಹಾಯಿಸಿ ತೊಳೆದು, ಮತ್ತೆ ಖಾಲಿ ಪರೀಕ್ಷೆ ಮಾಡಿ.

4. ಗೊತ್ತಿರುವ ವಸ್ತು ಕೊಡಿ. ಪ್ರಮಾಣ ಮಾದರಿಯನ್ನು ಯಂತ್ರ ಸರಿಯಾಗಿ ಗುರುತಿಸಿದರೆ ಮಾತ್ರ ಮುಂದಿನ ಮಾತು.

5. ಅನುಮಾನದ ಮಾದರಿಯನ್ನು ಮತ್ತೆ ಪರೀಕ್ಷಿಸಿ. ಈ ಸಲ ಕಡಿಮೆ ಪ್ರಮಾಣದಲ್ಲಿ. ನಿಜವಾದ ಶಿಖರ ಗಿಡ್ಡವಾಗುತ್ತದೆ, ಆದರೆ ಜಾಗ ಬಿಡುವುದಿಲ್ಲ. ಜೋಡಿ ಅಣುಗಳ ಶಿಖರವಾದರೆ ಮಾಯವಾಗುತ್ತದೆ.

6. ಬೇರೆ ವಿಧಾನದಿಂದ ಕೇಳಿ. ಅನಿಲ ವರ್ಣರೇಖನ, ದ್ರವ್ಯರಾಶಿ ರೋಹಿತದಂಥ ಪ್ರಯೋಗಾಲಯದ ವಿಧಾನಗಳು ಬೇರೆ ಗುಣವನ್ನು ಅಳೆಯುತ್ತವೆ. ಎರಡು ಬೇರೆ ಸಾಕ್ಷಿಗಳು ಒಂದೇ ಮಾತು ಹೇಳಿದರೆ ನಂಬಿಕೆ ಬಲಿಯುತ್ತದೆ.

ಗೆರೆಯ ಉದ್ದಕ್ಕೂ ಸಣ್ಣ ಅಲೆಗಳು ಕಂಡರೆ ಅವುಗಳ ಅಂತರ ಅಳೆಯಿರಿ. ಪ್ರತಿ 20 ಮಿಲಿಸೆಕೆಂಡಿಗೆ ಒಂದರಂತೆ ಇದ್ದರೆ ಅದು ಅನಿಲವಲ್ಲ, ಸೆಕೆಂಡಿಗೆ 50 ಸಲ ಮಿಡಿಯುವ ನಮ್ಮ ಮನೆಯ ಕರೆಂಟು, ಅರ್ಥಿಂಗ್ ಸರಿಯಿಲ್ಲ. ಎಲ್ಲ ಮೆಟ್ಟಿಲುಗಳಿಗೂ ಅನ್ವಯಿಸುವ ನಿಯಮ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಮೂರನ್ನು ಒಟ್ಟಿಗೆ ಬದಲಿಸಿ ಯಂತ್ರ ಸರಿಹೋದರೆ, ಯಾವುದರಿಂದ ಸರಿಹೋಯಿತೆಂದು ಎಂದೂ ತಿಳಿಯದು.

ಒಂದು ಎಚ್ಚರಿಕೆ. ಯಂತ್ರದ ಒಳಕೋಣೆಯನ್ನು ತೆರೆಯುವ ಸಾಹಸ ಬೇಡ. ಒಳಗೆ ವಿಕಿರಣಶೀಲ ವಸ್ತುವಿದೆ, ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ತಿದೆ. ಅದು ಅನುಮತಿ ಪಡೆದ ತಂತ್ರಜ್ಞರ ಕೆಲಸ.

ರೈತರ ಬಳಿಗೆ ಮರಳಿ

ನಮ್ಮ ರೈತರ ವಿಷಯಕ್ಕೆ ಬರೋಣ. ಯಂತ್ರ ಸರಿಯಾಗಿಯೇ ಇತ್ತು ಎನ್ನಿ. ಅದು ಕಂಡದ್ದು ಅಮೋನಿಯಂ ನೈಟ್ರೇಟ್. ಅದು ನಿಜವಾಗಿಯೂ ಚೀಲದ ಹಿಡಿಯ ಮೇಲಿತ್ತು. ಸ್ಫೋಟಕಗಳಲ್ಲಿ ಬಳಸುವ ವಸ್ತುವೂ ಅದೇ, ಹೊಲಕ್ಕೆ ಹಾಕುವ ಗೊಬ್ಬರದಲ್ಲಿರುವುದೂ ಅದೇ. ಎದೆನೋವಿಗೆ ನಾಲಿಗೆಯ ಕೆಳಗಿಡುವ ನೈಟ್ರೋಗ್ಲಿಸರಿನ್ ಮಾತ್ರೆಯೂ ಯಂತ್ರಕ್ಕೆ ಸ್ಫೋಟಕವೇ. ನಮ್ಮ ಸೀಮೆಯ ಕಲ್ಲುಗಣಿಯಲ್ಲಿ ಬಂಡೆ ಸಿಡಿಸುವ ಕಾರ್ಮಿಕರ ಅಂಗಿಯ ಮೇಲೆ ಅದರ ಕಣ ಇರುವುದು ಅವರ ದುಡಿಮೆಯ ಗುರುತು, ಅಪರಾಧದ್ದಲ್ಲ. ಮೈಕೈ ನೋವಿನ ಮುಲಾಮುಗಳಲ್ಲಿರುವ ಮೀಥೈಲ್ ಸ್ಯಾಲಿಸಿಲೇಟನ್ನು, ಸಾಸಿವೆ ಅನಿಲ ಎಂಬ ವಿಷಾನಿಲದ ಪತ್ತೆಯಂತ್ರಗಳನ್ನು ಪರೀಕ್ಷಿಸುವಾಗ ವಿಷದ ಬದಲಿಗೆ ಬಳಸುತ್ತಾರೆ ಎಂದರೆ ಆಶ್ಚರ್ಯವಲ್ಲವೇ?

ಒಂದು ಲೆಕ್ಕ ಹಾಕಿ ನೋಡಿ. ಯಂತ್ರವೊಂದು 100 ನಿರಪರಾಧಿಗಳಲ್ಲಿ ಒಬ್ಬರ ವಿಷಯದಲ್ಲಿ ಮಾತ್ರ ತಪ್ಪಿ ಕೂಗುತ್ತದೆ ಎನ್ನೋಣ. ದಿನಕ್ಕೆ 10,000 ಜನರನ್ನು ಪರೀಕ್ಷಿಸಿದರೆ 100 ಸಲ ಕೂಗುತ್ತದೆ. ಆ ದಿನ ಅವರಲ್ಲಿ ಒಬ್ಬನೂ ಕೆಟ್ಟವನಿಲ್ಲದಿದ್ದರೆ ಆ 100 ಜನರೂ ನಿರಪರಾಧಿಗಳೇ! ಹಾಗೆಂದು ಯಂತ್ರವನ್ನು ಬಿಸಾಡುವಂತಿಲ್ಲ. 101ನೆಯ ಕೂಗು ನಿಜವಾಗಿರಬಹುದು. ಮತ್ತೆ ಮತ್ತೆ ಕೂಗಿ ಬೇಸರ ತರಿಸಿದ ಯಂತ್ರವನ್ನು ಜನ ಕಿವಿಗೆ ಹಾಕಿಕೊಳ್ಳದೆ ಹೋದರೆ ಅದೂ ಅಪಾಯವೇ. ಆದ್ದರಿಂದಲೇ ಕೂಗಿಗೆ ಕಾರಣ ಹುಡುಕುವ ವಿದ್ಯೆ ಎರಡು ಕಡೆಯವರನ್ನೂ ಕಾಯುತ್ತದೆ: ನಿರಪರಾಧಿಯನ್ನು ಅವಮಾನದಿಂದ, ಉಳಿದವರನ್ನು ಅಪಾಯದಿಂದ.

ಕಲ್ಯದಲ್ಲಿ ವಿಜಯನಗರದ ಬುಕ್ಕರಾಯನ 1368ರ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ವ್ಯಾಜ್ಯವನ್ನು ಅರಸ ಬಗೆಹರಿಸಿ, ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿ ಇರಿಸಿದ ಸಂಗತಿ ಅದರಲ್ಲಿದೆ. ದೂರು ಬಂದ ಕೂಡಲೇ ಒಬ್ಬರ ತಲೆಗೆ ತಪ್ಪು ಕಟ್ಟಿದ್ದರೆ ಆ ಕಲ್ಲು ಅಲ್ಲಿ ನಿಲ್ಲುತ್ತಿರಲಿಲ್ಲ. ಯಂತ್ರದ ಕೂಗೂ ಒಂದು ದೂರು. ಅದನ್ನು ಕೇಳಬೇಕು, ವಿಚಾರಿಸಬೇಕು, ತೀರ್ಪು ಆಮೇಲೆ. ಸಿಬ್ಬಂದಿ ಹೊಸ ಪಟ್ಟಿ ತೆಗೆದು, ಕೈಗವಸು ಬದಲಿಸಿ, "ಯಜಮಾನ್ರೇ, ನಿನ್ನೆ ಹೊಲಕ್ಕೆ ಗೊಬ್ಬರ ಹಾಕಿದ್ರಾ?" ಎಂದು ಕೇಳಿದರೆ ಅರ್ಧ ಕೆಲಸ ಆದಂತೆಯೇ.

ನೀವೇ ಲೆಕ್ಕ ಹಾಕಿ

ಸಮುದ್ರ ಮಟ್ಟದಲ್ಲಿ ಸಾಕ್ಷಿ ವಸ್ತುವಿನ ಶಿಖರ 12 ಮಿಲಿಸೆಕೆಂಡಿಗೂ, ಪರೀಕ್ಷಿಸಬೇಕಾದ ವಸ್ತುವಿನ ಶಿಖರ 15 ಮಿಲಿಸೆಕೆಂಡಿಗೂ ಬರುತ್ತದೆ. ಗುಡ್ಡದ ಮೇಲಿನ ಊರೊಂದರಲ್ಲಿ ಸಾಕ್ಷಿ 10.8ಕ್ಕೆ ಬಂತು. ಇನ್ನೊಂದು ಶಿಖರ 13.5ಕ್ಕೆ ಬಂದರೆ ಅದು ಅದೇ ವಸ್ತುವಾಗಿರಬಹುದೇ? 14.2ಕ್ಕೆ ಬಂದರೆ? ಎರಡನೆಯ ಸಂದರ್ಭದಲ್ಲಿ ನೀವು ಯಾವ ಮೆಟ್ಟಿಲಿನಿಂದ ಪರೀಕ್ಷೆ ಆರಂಭಿಸುತ್ತೀರಿ? ಗೆಳೆಯರೊಡನೆ ಚರ್ಚಿಸಿ.